ಒಂದು ಪಿನ್ ಕಡಿಮೆ

ಪ್ರೊಸೆಸರಿನ ತಳದಲ್ಲಿ ಒಂದು ಪಿನ್ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ಅಕ್ಕನ ಮನೆಯ ಊಟದ ಮೇಜಿನ ಮೇಲೆ ಹೊಸ ಕಂಪ್ಯೂಟರಿನ ಬಿಡಿಭಾಗಗಳು ಹರಡಿದ್ದವು. ನಾವೇ ಜೋಡಿಸಿಕೊಂಡರೆ ಅಗ್ಗ ಎಂಬುದು ಭಾವನ ಲೆಕ್ಕ. ಅವರು ಪ್ರೊಸೆಸರನ್ನು ಬೆಳಕಿಗೆ ಹಿಡಿದರು. ತಳದ ತುಂಬ ಕೂದಲೆಳೆಯಂಥ ಚಿನ್ನದ ಬಣ್ಣದ ಪಿನ್ನುಗಳು. ಅಂಚಿನಲ್ಲಿ ಮೂರು ಸ್ವಲ್ಪ ಸೊಟ್ಟಗಿದ್ದವು, ಪಕ್ಕದ ಒಂದು ಜಾಗ ಖಾಲಿ.

“ಮೋಸ!” ಎಂದು ಭಾವ ಕೂಗಿದರು. “ಯಾರೋ ಬಳಸಿದ ಮಾಲು ದಾಟಿಸಿದಾಳೆ ಆ ಕೌಂಟರಿನವಳು. ಸೀಲೂ ಮೊದಲೇ ಕಿತ್ತಿತ್ತು!”

ಅಕ್ಕ ಕುರ್ಚಿಯಲ್ಲಿ ಕುಸಿದಳು. ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಪುಸ್ತಕಗಳ ಪುಟ ಜೋಡಿಸುವುದು ಅವಳ ಕೆಲಸ. ಹಳೇ ಕಂಪ್ಯೂಟರ್ ಕೆಟ್ಟು ಮೂರು ವಾರವಾಗಿತ್ತು. ಹೊಸದಕ್ಕೆಂದು ಅವಳು ಕೂಡಿಟ್ಟಿದ್ದೆಲ್ಲ ಈ ಮೇಜಿನ ಮೇಲಿತ್ತು.

“ನಡಿ ಅಂಗಡಿಗೆ. ನೀನೂ ಬಾ, ಸಾಕ್ಷಿ ಬೇಕು” ಎಂದರು ಭಾವ ನನಗೆ.

ಹೋದೆ. ಹೋಗಬಾರದಿತ್ತು.

ಆ ಕೌಂಟರಿನ ಹೆಂಗಸಿನ ಮೇಲೆ ಭಾವನಿಗೆ ಶುಕ್ರವಾರದಿಂದಲೇ ಸಿಟ್ಟಿತ್ತು. ಭಾವ ಗಣಿತದ ಮೇಷ್ಟ್ರು. ಯಾರಾದರೂ ತಪ್ಪು ತಿದ್ದಿದರೆ ಅವರಿಗೆ ಊಟ ಸೇರುವುದಿಲ್ಲ. ಅವತ್ತು ಖರೀದಿಗೆ ಹೋದಾಗ ಎಂಟು ಕೋರಿನ ಪ್ರೊಸೆಸರೇ ಬೇಕೆಂದು ಹಟ ಹಿಡಿದಿದ್ದರು. ಅವಳು ಕೇಳಿದ್ದಳು, “ಮೇಡಂ ಪುಟ ಜೋಡಿಸೋಕಲ್ವಾ ಸರ್? ಆರು ಕೋರ್ ಧಾರಾಳ ಸಾಕು. ಅದೂ ಅಲ್ದೆ ನೀವು ಹೇಳೋದ್ರಲ್ಲಿ ಗ್ರಾಫಿಕ್ಸ್ ಇಲ್ಲ. ಬೇರೆ ಕಾರ್ಡ್ ಹಾಕ್ದೆ ಪರದೆ ಮೇಲೆ ಏನೂ ಕಾಣಲ್ಲ. ಇದರಲ್ಲಿ ಒಳಗೇ ಇದೆ. ಮೂರು ಜನರ ಅಡುಗೆಗೆ ಎಂಟು ಜನ ಭಟ್ಟರು ಯಾಕೆ ಸರ್?”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಭಾವ ಮುಖ ಕೆಂಪಗೆ ಮಾಡಿಕೊಂಡು ಅವಳು ಹೇಳಿದ್ದನ್ನೇ ಕೊಂಡರು.

ಭಾನುವಾರ ಅದೇ ಕೌಂಟರಿನ ಮುಂದೆ ಭಾವ ಗಂಟಲು ಹರಿಯುವಂತೆ ಕೂಗಾಡಿದರು. ಗಿರಾಕಿಗಳು ಸುತ್ತ ನಿಂತರು. ಅವಳು, “ಸೀಲ್ ತೋರಿಸಿಯೇ ಕೊಟ್ಟಿದ್ದೆ ಸರ್” ಎಂದಳು. ಮಾಲೀಕ ಒಳಗಿನಿಂದ ಬಂದ.

“ಸೀಲ್ ಕಿತ್ತಿದ್ದನ್ನ ಯಾರು ನೋಡಿದ್ರು?”

ಭಾವ ನನ್ನ ಕಡೆ ತಿರುಗಿದರು. ನನ್ನದು ಮೊದಲಿಂದಲೂ ಹರಕು ಬಾಯಿ.

“ನಾನೇ ನೋಡಿದೆ. ಕಣ್ಣಾರೆ” ಎಂದೆ.

ಭಾವ ಪೆಟ್ಟಿಗೆ ಬಿಚ್ಚುವಾಗ ನಾನು ಪಕ್ಕದ ಕೋಣೆಯಿಂದ ಕುರ್ಚಿ ತರುತ್ತಿದ್ದೆ. ಸೀಲು ಕೆಂಪೋ ನೀಲಿಯೋ ಅದೂ ನನಗೆ ಗೊತ್ತಿಲ್ಲ. ಆದರೂ ಹೇಳಿದೆ. ನಮ್ಮವರು ಅಂತ ಹೇಳಿದೆ. ಮಾಲೀಕ ಲಿಖಿತ ದೂರು ಕೇಳಿದ. ಭಾವ ಅವಳ ಕೈಯಿಂದಲೇ ಪೆನ್ನು ಇಸಿದುಕೊಂಡು ಬರೆದುಕೊಟ್ಟರು. ನಾನು ಕೆಳಗೆ ಸಹಿ ಹಾಕಿದೆ. ತಪ್ಪು ಅಂಗಡಿಯದೇ ಎಂದು ಸಾಬೀತಾಗುವ ತನಕ ಬದಲಿ ಕೊಡುವುದಿಲ್ಲ ಎಂದು ಮಾಲೀಕ ಪ್ರೊಸೆಸರನ್ನು ನಮಗೇ ಹಿಂದಿರುಗಿಸಿದ.

ರಾತ್ರಿ ಅಕ್ಕನ ಮನೆಯಲ್ಲೇ ಉಳಿದಿದ್ದೆ; ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ ಆ ಕೌಂಟರಿನ ಹೆಂಗಸೇ ನಿಂತಿದ್ದಳು.

“ಸಂಜೆಯೊಳಗೆ ನನ್ನ ತಪ್ಪಿಲ್ಲ ಅಂತ ತೋರಿಸ್ಬೇಕಂತೆ ಮೇಡಂ. ಇಲ್ದಿದ್ರೆ ನಾಳೆಯಿಂದ ಬರ್ಬೇಡ ಅಂದಿದಾರೆ. ಕಳ್ಳಿ ಅಂತ ಕಳಿಸಿದ್ರೆ ಇನ್ಯಾವ ಅಂಗಡಿಯವರು ಸೇರಿಸ್ಕೋತಾರೆ? ಒಂದ್ಸಲ ಆ ಪ್ರೊಸೆಸರ್ ಯಾರಿಗಾದ್ರೂ ಗೊತ್ತಿರೋರಿಗೆ ತೋರಿಸ್ತೀರಾ?”

ಭಾವ ಶಾಲೆಗೆ ಹೊರಟು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. “ತೋರಿಸೋದೇನು ಮಣ್ಣು?” ಎಂದು ಗದರಿದರು.

“ತಡೀರಿ” ಎಂದಳು ಅಕ್ಕ. “ಕೆಳಗಡೆ ಮಾಮನ್ನ ಕರೀತೀನಿ.”

ಮಾಮ ಎಂದರೆ ಕೆಳಗಿನ ಅಂಗಡಿಯ ಗಡಿಯಾರ ರಿಪೇರಿಯವರು. ಯಾರದೇ ವಸ್ತು ಕಳೆದರೂ ಕೆಟ್ಟರೂ ಬೀದಿಯವರು ಮೊದಲು ಹೋಗುವುದು ಅವರ ಬಳಿಗೆ. ಕೈಗಡಿಯಾರದ ಚಕ್ರದ ಹಲ್ಲು ಯಾವ ದಿನ ಮುರಿಯಿತೆಂದು ಹೇಳಬಲ್ಲ ಮನುಷ್ಯ. ಕೌಂಟರಿನ ಹೆಂಗಸು ಅಂಗಡಿಯಲ್ಲಿ ನಡೆದದ್ದನ್ನೆಲ್ಲ ಹೇಳಿದ ಮೇಲೆ ಅವರು ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಪ್ರೊಸೆಸರಿನ ಮೇಲೆ ಬಾಗಿದರು. ಐದು ನಿಮಿಷ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಇದರ ಮೇಲೆ ಕೂರೋ ಫ್ಯಾನ್ ಎಲ್ಲಿ?”

ಅಕ್ಕ ಕೊಟ್ಟಳು. ಅವರು ಅದರ ತಳ ಸವರಿದರು.

“ಹೊಸ ಫ್ಯಾನಿಗೆ ಇಲ್ಲಿ ಏನಾದ್ರೂ ಹಚ್ಚಿರ್ತಾರೇನಮ್ಮ?”

“ಬೂದು ಬಣ್ಣದ ಅಂಟು ಸರ್, ಕಾರ್ಖಾನೆಯಿಂದಲೇ ಹಚ್ಚಿ ಬರತ್ತೆ” ಎಂದಳು ಕೌಂಟರಿನ ಹೆಂಗಸು. “ಬಿಸಿ ಎಳ್ಕೊಳ್ಳೋಕೆ.”

“ಇಲ್ಲಿಲ್ಲ. ಒರೆಸಿದಾರೆ. ಅಂದ್ರೆ ಒಂದ್ಸಲ ಕೂರಿಸಿ, ಕಿತ್ತಿದಾರೆ. ಕೀಳೋವಾಗ ಏನಾಗತ್ತೆ?”

“ತಿರುಗಿಸಿ ಸಡಿಲ ಮಾಡ್ಬೇಕು. ನೇರ ಎಳೆದ್ರೆ ಅಂಟಿಗೆ ಪ್ರೊಸೆಸರೂ ಕಿತ್ಕೊಂಡು ಬರತ್ತೆ. ಪಿನ್ ಬಾಗತ್ತೆ.”

“ನೋಡಿದ್ರಾ! ಅಂಗಡಿಯಲ್ಲೇ ಕಿತ್ತಿದಾರೆ!” ಎಂದರು ಭಾವ.

ಮಾಮ ತಲೆ ಎತ್ತಲಿಲ್ಲ. “ಬಾಗಿದ ಪಿನ್ನನ್ನ ನಿಮ್ಮ ಅಂಗಡಿಯಲ್ಲಿ ಯಾವುದರಿಂದ ನೆಟ್ಟಗೆ ಮಾಡ್ತೀರಿ?”

“ಚಿಮಟ ಸರ್.”

“ನಾನೂ ಚಿಮಟಾನೇ. ಆದ್ರೆ ಇಲ್ಲಿ ಚಿಮಟದ ಗೀರು ಇಲ್ಲ. ಈ ಮೂರು ಪಿನ್ನಿನ ಬುಡದಲ್ಲಿ ಕರೀ ಪುಡಿ ಇದೆ. ಪೆನ್ಸಿಲ್ಲಿನ ಸೀಸದ ಕಡ್ಡಿ ಪುಡಿ.” ಅವರು ನನ್ನ ಕಡೆ ತಿರುಗಿದರು. “ಶನಿವಾರ ಈ ಮನೇಲಿ ಯಾರಿದ್ರಮ್ಮ?”

“ನಾನೂ ಅಕ್ಕನೂ ಅಮ್ಮನ್ನ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ವಿ. ಮಧ್ಯಾಹ್ನ ಪೂರ್ತಿ—” ಮನೆಯಲ್ಲಿ ಉಳಿದಿದ್ದವರು ಭಾವ ಒಬ್ಬರೇ.

“ನಿನ್ನೆ ದೂರು ಬರೆದದ್ದು ಪೆನ್ಸಿಲ್ಲಲ್ಲೋ ಪೆನ್ನಲ್ಲೋ?”

“ಪೆನ್ನಲ್ಲಿ. ಇವರದೇ ಪೆನ್ನು” ಎಂದು ಕೌಂಟರಿನ ಹೆಂಗಸಿನ ಕಡೆ ತೋರಿಸಿದೆ.

“ಮೇಷ್ಟ್ರು ಕಿರಾಣಿ ಚೀಟಿಯನ್ನೂ ಪೆನ್ಸಿಲ್ಲಲ್ಲೇ ಬರೆಯೋದು. ಒತ್ತಿದ್ರೆ ಕಡ್ಡಿ ಬರೋ ಪೆನ್ಸಿಲ್ಲು. ಇಪ್ಪತ್ತು ವರ್ಷದಿಂದ ನೋಡ್ತಿದೀನಿ, ಆ ಜೇಬು ಬಿಟ್ಟು ಅದು ಕೆಳಗಿಳಿದಿಲ್ಲ. ನಿನ್ನೆ ಮಾತ್ರ ಅದು ಜೇಬಲ್ಲಿದ್ರೂ ಬೇರೆಯವರ ಪೆನ್ನು ಯಾಕೆ ಬೇಕಾಯ್ತು? ಅದನ್ನ ಒಬ್ರೂ ಕೇಳಲಿಲ್ಲ. ಎಲ್ಲಿ, ಸ್ವಲ್ಪ ಕೊಡಿ ಮೇಷ್ಟ್ರೇ.”

ಭಾವನ ಕೈ ಜೇಬಿನ ಮೇಲೆ ಹೋಗಿ ಅಲ್ಲೇ ಕೂತಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದನ್ನು ನಾನು ಗಾದೆಯಲ್ಲಷ್ಟೇ ಕೇಳಿದ್ದೆ. ಅಕ್ಕ ಎದ್ದು ಬಂದು ಪೆನ್ಸಿಲನ್ನು ತಾನೇ ತೆಗೆದುಕೊಟ್ಟಳು.

ಮಾಮ ಒತ್ತಿದರು. ಕಡ್ಡಿ ಬರಲಿಲ್ಲ. ತುದಿಯ ಲೋಹದ ಕೊಳವೆ ಬಿಚ್ಚಿ, ಹಿಂದಿನಿಂದ ಸೂಜಿ ತೂರಿ, ಬಿಳಿ ಕಾಗದದ ಮೇಲೆ ತಟ್ಟಿದರು. ಚಿನ್ನದ ಬಣ್ಣದ ಒಂದು ಚೂರು ಬಿತ್ತು.

“ಬಾಗಿದ ಪಿನ್ನನ್ನ ಈ ಕೊಳವೆಯೊಳಗೆ ತೂರಿಸಿ ನಿಮಿರಿಸಬಹುದು. ಒಳ್ಳೇ ಉಪಾಯ. ಮೂರು ಅಷ್ಟೋ ಇಷ್ಟೋ ನಿಮಿರಿದ್ವು. ನಾಲ್ಕನೇದು ಮುರಿದು ಒಳಗೇ ಸಿಕ್ಕಿಕೊಳ್ತು. ಸರೀನಾ ಮೇಷ್ಟ್ರೇ?”

ಭಾವ ನೆಲ ನೋಡುತ್ತಿದ್ದರು. “ಭಾನುವಾರ ಎಲ್ಲರ ಮುಂದೆ ತಡವರಿಸಬಾರದು ಅಂತ... ಒಂದ್ಸಲ ಜೋಡಿಸಿ ಅಭ್ಯಾಸ ಮಾಡ್ಕೊಂಡು, ಮತ್ತೆ ಬಿಚ್ಚಿಡೋಣ ಅಂತ. ನನಗೆ ಇದೆಲ್ಲ ಬರಲ್ಲ. ಬರತ್ತೆ ಅಂತ ಹೇಳ್ಕೊಂಡು ಬಂದೆ.”

“ನನ್ನ ಹತ್ರ ಹೇಳಿದ್ರೆ ನಾನು ಬೈತಿದ್ದೆ, ಅಷ್ಟೇ ಅಲ್ವೇನ್ರೀ?” ಎಂದಳು ಅಕ್ಕ.

ಮಾಮ ಭೂತಗನ್ನಡಿ ತೆಗೆದು ನನ್ನನ್ನು ಬರಿಗಣ್ಣಿನಿಂದ ನೋಡಿದರು.

“ಪಿನ್ ಮುರಿದೋರು ಸಿಕ್ಕಿದ್ರು. ಮೇಷ್ಟ್ರು ಎಷ್ಟೇ ಕೂಗಿದ್ರೂ ಅದು ಗಿರಾಕಿಯ ಕೂಗಾಟ ಅಂತ ಮಾಲೀಕ ಬಿಟ್ಟುಬಿಡ್ತಿದ್ದ. ಅವನು ಈಕೆಯ ಕೆಲಸ ತೆಗೆಯೋಕೆ ಹೊರಟಿದ್ದು ಸಾಕ್ಷಿ ಸಿಕ್ಕಿದ್ದಕ್ಕೆ. ಸೀಲ್ ಕಣ್ಣಾರೆ ನೋಡಿದೆ ಅಂದೋರು ಯಾರಮ್ಮ? ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಅವಳ ಚಪ್ಪಲಿ ನೋಡಿದೆ. ಬಿಸಿಲಲ್ಲಿ ನಡೆದೇ ಬಂದಿದ್ದಳು, ಧೂಳು ಕಣಕಾಲಿನವರೆಗೂ ಇತ್ತು.

ಹನ್ನೊಂದಕ್ಕೆ ಭಾವ, ನಾನು, ಅವಳು ಮೂವರೂ ಅಂಗಡಿಯಲ್ಲಿದ್ದೆವು. ಮಾಲೀಕನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮಾತಾಡೋಣ ಎಂದರು ಭಾವ.

“ಬೇಡ ಭಾವ. ಬಯ್ದದ್ದು ಎಲ್ಲಿ? ಅಲ್ಲೇ ಹೇಳೋಣ.”

ಕೌಂಟರಿನ ಮುಂದೆ ಆರೇಳು ಗಿರಾಕಿಗಳಿದ್ದರು. ಭಾವ ಮೊದಲು ಹೇಳಿದರು, ಅರ್ಧ ನುಂಗಿ, ಅರ್ಧ ಉಗುಳಿ. ಆಮೇಲೆ ನಾನು. “ಸೀಲನ್ನ ನಾನು ನೋಡೇ ಇರಲಿಲ್ಲ. ಸುಳ್ಳು ಹೇಳಿದೆ. ಸುಳ್ಳಿಗೆ ಸಹಿ ಹಾಕಿದೆ.” ನನ್ನ ದನಿ ನನಗೇ ಬೇರೆಯವರದಂತೆ ಕೇಳಿತು. ಯಾರೋ “ಥೂ” ಎಂದರು. ಸರಿಯಾಗಿಯೇ ಅಂದರು.

ಮಾಲೀಕ ದೂರನ್ನು ಹರಿದು ಹಾಕಿ, ಅವಳಿಗೆ “ಕೆಲಸ ನೋಡ್ಕೋ” ಎಂದು ಒಳಗೆ ಹೋದ. ಅವಳು ಕೌಂಟರಿನ ಆ ಕಡೆಗೆ ಹೋಗಿ ನಿಂತಳು.

“ಇದಕ್ಕೆ ವಾರಂಟಿ ಬರಲ್ಲ” ಎಂದಳು. “ನಿಮ್ಮ ಹತ್ರ ಇರೋ ಮದರ್‌ಬೋರ್ಡಿಗೇ ಕೂರೋ ನಾಲ್ಕು ಕೋರಿಂದು ಇದೆ. ಗ್ರಾಫಿಕ್ಸೂ ಒಳಗೇ ಇದೆ. ಬೆಲೆ ಅರ್ಧ. ಮೇಡಂ ಕೆಲಸಕ್ಕೆ ಸಾಕು, ಸ್ವಲ್ಪ ನಿಧಾನ ಅಷ್ಟೇ. ಜೋಡಿಸೋಕೆ ಬರದಿದ್ರೆ ಇಲ್ಲೇ ಜೋಡಿಸಿ ಕೊಡ್ತೀವಿ.”

“ಬರಲ್ಲ” ಎಂದರು ಭಾವ. ಆ ಒಂದು ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

“ನಮ್ಮನ್ನ ಕ್ಷಮಿಸಿ” ಎಂದೆ.

ಅವಳು ಬಿಲ್ ಬರೆಯುತ್ತಲೇ ಇದ್ದಳು.

“ನಿನ್ನೆ ಸಂಜೆ ನನ್ನ ಮಗಳಿಗೆ ಬೀದೀಲಿ ಯಾರೋ ನಿಮ್ಮಮ್ಮ ಕಳ್ಳಿ ಅಂತ ಹೇಳಿದಾರೆ. ಮನೆಗೆ ಬಂದು, ‘ಅಮ್ಮ, ನೀನು ನಿಜವಾಗ್ಲೂ ಹಾಗೆ ಮಾಡಿದ್ಯಾ?’ ಅಂತ ಕೇಳಿದ್ಲು. ಇಲ್ಲ ಅಂದೆ. ಆದ್ರೂ ನನ್ನ ಮುಖಾನೇ ನೋಡ್ತಾ ಕೂತಿದ್ಲು ಮೇಡಂ.” ಪೆನ್ನು ನಿಂತಿತು. “ಇಲ್ಲಿರೋರಿಗೆಲ್ಲ ಹೇಳಿದ್ರಿ. ಅವಳಿಗೂ ಒಂದು ಮಾತು ಹೇಳ್ತೀರಾ?”

“ಹೇಳ್ತೀನಿ. ಎಷ್ಟೊತ್ತಿಗೆ ಶಾಲೆಯಿಂದ ಬರ್ತಾಳೆ?”

“ನಾಲ್ಕಕ್ಕೆ.”

ಮೂರೂವರೆಗೇ ಹೋಗಿ ಅವಳ ಮನೆಯ ಮೆಟ್ಟಿಲ ಮೇಲೆ ಕೂತೆ.