ಕಿಟಕಿಗೆ ಬೆನ್ನು ಮಾಡಿ ನಿಂತವನು

"ಎರಡು ದಿನ ಆಯ್ತು! ಮಗು ಹುಟ್ಟಿ ಎರಡು ದಿನ! ಆ ದೀವಿ ಹಲಸಿನ ಮರದ ಬುಡದಲ್ಲಿ ಬೇರು ಬಿಟ್ಟಿದ್ದೀಯೇನಯ್ಯಾ ನೀನು?"

ಬಾಣಂತಿಯರ ವಾರ್ಡಿನ ಮೆಟ್ಟಿಲ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತು ನರ್ಸ್ ಲೊಸಾಲಿನೆ ಕೂಗುತ್ತಿದ್ದಳು.

ಕೆಳಗೆ ಆರಡಿ ಎತ್ತರದ ಗಂಡಸು. ಕೈಯಲ್ಲಿ ಸಾರಿನ ಪಾತ್ರೆ, ಕಣ್ಣು ನೆಲದ ಮೇಲೆ.

"ಇದನ್ನ ಫತಾಯ್‌ಗೆ ಕೊಟ್ಟುಬಿಡಿ ನರ್ಸಮ್ಮ. ನಾನು ಒಳಗೆ ಬರೋ ಹಾಗಿಲ್ಲ."

"ಬರೋ ಹಾಗಿಲ್ಲವಂತೆ! ಮಗು ಮಾಡುವಾಗ ಇಲ್ಲದ ನಾಚಿಕೆ ಈಗ ಎಲ್ಲಿಂದ ಬಂತಪ್ಪಾ?"

ಅವನ ಮುಖ ಕಪ್ಪಿಟ್ಟಿತು. ಪಾತ್ರೆಯನ್ನು ಎದೆಗೊತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ.

ಲೊಸಾಲಿನೆಗೆ ಅಷ್ಟೇ ಸಾಕಾಯಿತು. ಮೆಟ್ಟಿಲಿಳಿದು ಅವನ ಮಣಿಕಟ್ಟು ಹಿಡಿದಳು, ದರದರನೆ ಒಳಗೆ ಎಳೆದು ತಂದಳು, ಪರದೆ ಸರಿಸಿಯೇಬಿಟ್ಟಳು.

ಫತಾಯ್ ಎದೆ ತೆರೆದು ಮಗುವಿಗೆ ಹಾಲೂಡುತ್ತಿದ್ದಳು.

"ಅಯ್ಯೋ... ಅಣ್ಣಾ!"

ಅವಳು ಹೊದಿಕೆಯನ್ನು ತಲೆಯವರೆಗೆ ಎಳೆದುಕೊಂಡಳು. ಮಗು ಕಿರುಚಿತು. ಸಾರಿನ ಪಾತ್ರೆ ನೆಲಕ್ಕೆ ಬಿತ್ತು. ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, ಬಾಗಿಲ ಚೌಕಟ್ಟಿಗೆ ಡಿಕ್ಕಿ ಹೊಡೆದು ಹೊರಗೋಡಿದ.

ಪಕ್ಕದ ಹಾಸಿಗೆಯಲ್ಲಿ ಮೊಮ್ಮಗಳ ಬಾಣಂತನಕ್ಕೆ ಬಂದಿದ್ದ ಸೂಲಿಯಾ ಅಜ್ಜಿ ಹಣೆ ಚಚ್ಚಿಕೊಂಡಳು.

"ಏನು ಮಾಡಿದೆಯೇ ಹುಡುಗೀ! ಗಂಡ ಸೆಮಿಸಿ ಆಸ್ಟ್ರೇಲಿಯಾದಲ್ಲಿ ದ್ರಾಕ್ಷಿ ಕೀಳ್ತಾ ಇದಾನೆ. ಇವನು ಕೆಪು. ಅವಳ ಒಡಹುಟ್ಟಿದ ಅಣ್ಣ!"

ಲೊಸಾಲಿನೆ ಬಗ್ಗಿ ಖಾಲಿ ಪಾತ್ರೆ ಎತ್ತಿದಳು.

ಅವಳೇನು ಹೊರಗಿನವಳೇ? ಟೋಂಗಾದಲ್ಲೇ ಹುಟ್ಟಿದವಳು. ಇಲ್ಲಿ ಗಂಡುಹುಡುಗನಿಗೆ ಹತ್ತು ತುಂಬಿದರೆ ಅಕ್ಕತಂಗಿಯರು ಮಲಗುವ ಮನೆಯಲ್ಲಿ ಮಲಗುವುದಿಲ್ಲ. ತಂಗಿಯ ಕಿವಿಗೆ ಬೀಳುವಂತೆ ಪೋಲಿ ಮಾತಿರಲಿ, ಪ್ರೀತಿಯ ಮಾತೂ ಆಡುವುದಿಲ್ಲ. ಅಂಥಾದ್ದರಲ್ಲಿ ಬಾಣಂತಿ ತಂಗಿಯ ಹಾಸಿಗೆಯ ಹತ್ತಿರ ಅಣ್ಣನನ್ನು...

ನಿನ್ನೆಯಷ್ಟೇ ದೊಡ್ಡ ದ್ವೀಪದಿಂದ ದೋಣಿಯಲ್ಲಿ ಬಂದು ಕೆಲಸಕ್ಕೆ ಸೇರಿದ್ದಳು. "ಫತಾಯ್ ಮನೆಯವನು ಊಟ ತರ್ತಾನೆ" ಎಂದಿದ್ದರು ಹಿಂದಿನ ಪಾಳಿಯವರು. ಮನೆಯವನೆಂದರೆ ಗಂಡ ಎಂದುಕೊಂಡಳು. ಒಂದು ಮಾತು ಕೇಳಲಿಲ್ಲ. ಈ ಹಾಳು ಸಿಟ್ಟು!

ಮಾರನೆಯ ದಿನ ಬೆಳಿಗ್ಗೆ ಕೆಪು ಬರಲಿಲ್ಲ.

ಫತಾಯ್ ಗೋಡೆಗೆ ಮುಖ ಮಾಡಿ ಮಲಗಿದವಳು ಏಳಲಿಲ್ಲ. ಆಸ್ಪತ್ರೆಯ ಗಂಜಿ ಮುಟ್ಟಲಿಲ್ಲ. ಮಗು ಎಳೆದು ಎಳೆದು ಸುಸ್ತಾಗಿ ಅಳುತ್ತಿತ್ತು. ತಕ್ಕಡಿಯಲ್ಲಿಟ್ಟು ನೋಡಿದರೆ ಹುಟ್ಟಿದ ತೂಕಕ್ಕಿಂತ ಇನ್ನೂರೈವತ್ತು ಗ್ರಾಂ ಕಡಿಮೆ.

"ನನ್ನನ್ನ ಬೈಯಮ್ಮಾ, ಬೇಕಾದರೆ ಎರಡು ಹೊಡಿ. ನನ್ನ ತಪ್ಪಿಗೆ ಈ ಕೂಸು ಯಾಕೆ ಉಪವಾಸ ಇರಬೇಕು?"

"ಅಪ್ಪ ಅಮ್ಮ ಹೋದ ಮೇಲೆ ನನ್ನ ಸಾಕಿದವನು ಅವನು," ಫತಾಯ್ ಗೋಡೆಗೇ ಹೇಳಿದಳು. "ಇನ್ನು ಅವನ ಮುಖ ಹೇಗೆ ನೋಡಲಿ? ಅವನು ಬರಲ್ಲ. ನೀವು ಹೋಗಿ ನರ್ಸಮ್ಮ."

ಲೊಸಾಲಿನೆ ಹೋದಳು. ಬೆಳಗಿನ ಪಾಳಿ ಮುಗಿಸಿ, ಮನೆಯಲ್ಲಿದ್ದ ತೀರಾ ಹಳೆಯ, ಹರಿದ ಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡಳು. ಮರ್ಯಾದೆಗೆಂದು ಇಲ್ಲಿ ಎಲ್ಲರೂ ಸೊಂಟಕ್ಕೆ ಚಾಪೆ ಉಡುತ್ತಾರೆ, ಆದರೆ ಕ್ಷಮೆ ಕೇಳಲು ಹೋಗುವವರು ಹೊಸ ಚಾಪೆ ಉಡುವುದಿಲ್ಲ. ದಾರಿಯುದ್ದಕ್ಕೂ ಜನ ನೋಡಿದರು. ನೋಡಲಿ!

ಕೆಪು ಕೆಸುವಿನ ತೋಟದಲ್ಲಿ ಕಳೆ ಕೀಳುತ್ತಿದ್ದ. ಅವಳು ಎರಡು ಮಾರು ದೂರದಲ್ಲೇ ನೆಲದ ಮೇಲೆ ಕುಳಿತು ತಲೆ ಬಗ್ಗಿಸಿದಳು.

"ನಿಮ್ಮ ತಂಗಿಯ ಮರ್ಯಾದೆ ತೆಗೆದವಳು ನಾನು. ನಿಮ್ಮ ತಪ್ಪಿಲ್ಲ. ಏನು ಶಿಕ್ಷೆ ಕೊಟ್ಟರೂ..."

"ನರ್ಸಮ್ಮ, ಎದ್ದೇಳಿ."

"ಏಳಲ್ಲ! ನೀವು ಕ್ಷಮಿಸೋ ತನಕ ಏಳಲ್ಲ!"

"ಕ್ಷಮಿಸಿದೆ. ಏಳಿ. ನೀವು ಕೂತಿರೋದು ಇರುವೆ ಗೂಡಿನ ಮೇಲೆ!"

ಲೊಸಾಲಿನೆ ಚಂಗನೆ ಹಾರಿದಳು. ಚಾಪೆ ಒದರುತ್ತಾ, ಕಾಲು ಕೊಡವುತ್ತಾ, ಕುಣಿಯುತ್ತಾ... ಕೆಪು ತುಟಿ ಕಚ್ಚಿ ತಡೆದ, ತಡೆಯಲಾಗಲಿಲ್ಲ. ತೋಟ ತುಂಬ ನಕ್ಕ.

'ಎಷ್ಟು ಚೆನ್ನಾಗಿ ನಗ್ತಾನೆ!' ಅಂದುಕೊಂಡಳು. ಆಮೇಲೆ ತನ್ನ ಮೇಲೇ ರೇಗಿತು. ಮಗುವಿನ ತೂಕ ಇಳಿಯುತ್ತಿದೆ, ಇವಳಿಗೆ ನಗು ಬೇಕಂತೆ!

"ಹಾಲು ನಿಂತಿದೆ," ಎಂದಳು ನೇರವಾಗಿ. "ನೀವು ಬರಲ್ಲ ಅಂತ ಅವಳು ಉಣ್ಣುತ್ತಿಲ್ಲ."

ಅವನ ನಗು ಆರಿತು. "ನನಗೆ ನಿಮ್ಮ ಮೇಲೆ ಕೋಪ ಇಲ್ಲ. ಅವಳಿಗೆ ಮುಖ ತೋರಿಸೋಕೆ ನನಗೇ ಧೈರ್ಯ ಇಲ್ಲ."

"ಮುಖ ಯಾರು ಕೇಳಿದ್ರು? ಬೆನ್ನು ತೋರಿಸಿ!"

ಸಂಜೆ ಐದಕ್ಕೆ ಕೆಪು ಬಂದ. ತೆಂಗಿನ ಹಾಲು ಹಾಕಿದ ಮೀನಿನ ಸಾರನ್ನು ಲೊಸಾಲಿನೆಯ ಕೈಗಿತ್ತು, ವಾರ್ಡಿನ ಕಿಟಕಿಯ ಆಚೆ, ಸಮುದ್ರದ ಕಡೆ ಮುಖ ಮಾಡಿ ಕಂಬದಂತೆ ನಿಂತ.

"ಫತಾಯ್, ತಿರುಗಿ ನೋಡು."

ಫತಾಯ್ ತಿರುಗಿದಳು. ಅಣ್ಣನ ಅಗಲವಾದ ಬೆನ್ನು. ಅಂಗಿಯ ಹೊಲಿಗೆ ಬಿಟ್ಟಿತ್ತು.

"ಊಟ ಮಾಡೋಕೆ ಹೇಳಿ ನರ್ಸಮ್ಮ," ಎಂದ ಅವನು ಸಮುದ್ರಕ್ಕೆ.

"ಅಂಗಿ ಹೊಲಿಸಿಕೊಳ್ಳೋಕೆ ಹೇಳಿ ನರ್ಸಮ್ಮ," ಎಂದಳು ಅವಳು, ಅಳುತ್ತಾ.

ಅವಳು ಪಾತ್ರೆ ಪೂರ್ತಿ ಕುಡಿದಳು. ಲೊಸಾಲಿನೆ ಬೆನ್ನಿಗೆ ದಿಂಬು ಕೊಟ್ಟು, ಬಿಸಿ ಬಟ್ಟೆಯಿಂದ ಎದೆಗೆ ಶಾಖ ಕೊಟ್ಟು, ಮಗುವಿನ ಬಾಯನ್ನು ಸರಿಯಾಗಿ ಹಿಡಿಸಿದಳು. ಸ್ವಲ್ಪ ಹೊತ್ತಿಗೆ ಗುಟುಕು ಗುಟುಕು ಸದ್ದು ಕೇಳಿತು.

ಆ ಮೇಲಿನ ನಾಲ್ಕು ದಿನ ಅಣ್ಣ ತಂಗಿಯರ ಮಾತೆಲ್ಲ ನರ್ಸಮ್ಮನ ಮೂಲಕವೇ ನಡೆಯಿತು. ಮೆಟ್ಟಿಲ ಮೇಲೆ ಕೆಪು, ಲೊಸಾಲಿನೆಯರ ಮಾತೂ ದಿನದಿಂದ ದಿನಕ್ಕೆ ಉದ್ದವಾಯಿತು. ಅವನ ಅಂಗಿಯನ್ನು ಹೊಲಿದವಳೂ ಲೊಸಾಲಿನೆಯೇ.

"ಹೊಲಿಗೆ ವಕ್ರವಾಗಿದೆ," ಎಂದ ಅವನು.

"ಬೇಡವಾದರೆ ಬಿಚ್ಚಿಕೊಡಿ!"

"ಬಿಚ್ಚೋದಿಲ್ಲ... ಯಾವತ್ತೂ."

ಅವಳ ಮುಖ ಕೆಂಪಾಯಿತು.

ನಾಲ್ಕನೆಯ ದಿನದ ಹೊತ್ತಿಗೆ ಮಗು ಕಳೆದುಕೊಂಡ ತೂಕವನ್ನೆಲ್ಲ ಮರಳಿ ಪಡೆದಿತ್ತು. ಫತಾಯ್ ಮನೆಗೆ ಹೊರಟಳು. ಕೆಪು ತನ್ನ ಹಳೆಯ ಟ್ರಕ್ಕನ್ನು ಮೆಟ್ಟಿಲ ಬಳಿ ನಿಲ್ಲಿಸಿದ. ಅವನು ಟ್ರಕ್ಕಿನ ಈ ಬದಿ, ಫತಾಯ್ ಮಗು ಎತ್ತಿಕೊಂಡು ಜಗಲಿಯ ಆ ಬದಿ, ನಡುವೆ ಬಟ್ಟೆಯ ಗಂಟು ಹಿಡಿದ ಲೊಸಾಲಿನೆ.

"ಹಾಗಾದರೆ... ಬರ್ತೀವಿ ನರ್ಸಮ್ಮ," ಎಂದ ಕೆಪು.

"ಅಷ್ಟೇನಾ?"

"ಅಷ್ಟೇ... ಅಲ್ಲ. ಅಂದರೆ..." ತಂಗಿಯ ಕಡೆ ಕಣ್ಣು ಹಾಯಿಸಿ ಬಾಯಿ ಮುಚ್ಚಿದ.

'ಕೆಲಸ ಆಯ್ತು, ನರ್ಸಮ್ಮ ಯಾಕೆ ಬೇಕು ಇನ್ನು!' ಲೊಸಾಲಿನೆ ಸಿಟ್ಟಿನಿಂದ ಗಂಟನ್ನು ಟ್ರಕ್ಕಿಗೆ ಎಸೆದಳು.

ಫತಾಯ್ ಇಬ್ಬರನ್ನೂ ನೋಡಿದಳು. ಮುಗುಳ್ನಕ್ಕಳು. ಮಗುವನ್ನು ಎದೆಗೊತ್ತಿಕೊಂಡು ಲೊಸಾಲಿನೆಯ ಕೆನ್ನೆಗೆ ಕೆನ್ನೆ ತಾಗಿಸಿ ಉಸಿರೆಳೆದಳು, ಇಲ್ಲಿನ ಅಕ್ಕತಂಗಿಯರು ಮುತ್ತಿಡುವಂತೆ.

"ಸೂಲಿಯಾ ಅಜ್ಜಿಯ ವ್ಯಾನಿನಲ್ಲಿ ಒಂದು ಜಾಗ ಇದೆಯಂತೆ. ನಾನು ನೋಡ್ಕೊಂಡು ಬರ್ತೀನಿ," ಎಂದು ಮೂಲೆ ತಿರುಗಿ ಹೋದಳು.

ಕೆಪು ಕಾದ. ಲೊಸಾಲಿನೆ ಕಾದಳು. ಆಚೆ ವ್ಯಾನಿನ ಸದ್ದು ಕೇಳಿತು. ಅಜ್ಜಿಯ ಗಹಗಹ ನಗು ಕೇಳಿತು. ಸದ್ದು ದೂರವಾಯಿತು. ಫತಾಯ್ ಬರಲಿಲ್ಲ.

"ಅವಳು ಹೋಗಿಯೇಬಿಟ್ಟಳು," ಎಂದ ಕೆಪು ಬೆಪ್ಪಾಗಿ.

"ಹೂಂ. ಈಗಲಾದರೂ ಬಾಯಿ ಬಿಡ್ತೀರಾ?"

ಅವನು ಮೆಟ್ಟಿಲ ಹತ್ತಿರ ಬಂದ.

"ನನಗೆ ನೀವು ಬೇಕು, ಲೊಸಾಲಿನೆ. ನಿಮ್ಮ ಆ ಸಿಟ್ಟು ಸಮೇತ ಬೇಕು."

"ನನ್ನ ಸಿಟ್ಟು ಗೊತ್ತಲ್ಲ? ಆಮೇಲೆ ಅಳಬಾರದು!"

ಅಳುತ್ತಿದ್ದವಳು ಅವಳೇ.

"ಅಳಲ್ಲ," ಎಂದ ಅವನು ಮೆಲ್ಲಗೆ. "ಊಟ ಆಯ್ತಾ?"

"ಇಲ್ಲ... ಬೆಳಗಿಂದ ಏನೂ ತಿಂದಿಲ್ಲ."

"ಬನ್ನಿ ಹಾಗಾದರೆ."

ಅವನು ಕೈ ಚಾಚಿದ. ಈ ಸಲ ಅವಳು ಎಳೆಯಲಿಲ್ಲ, ಸುಮ್ಮನೆ ಹಿಡಿದುಕೊಂಡಳು.