ಗಿಣಿಮಕ್ಕಳು ಮತ್ತು ಮುಕ್ಕಾಲು ಸೇರಿನ ದೀಪ

ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲ. ಹೊಂಬೆಟ್ಟವೆಂಬ ರಾಜ್ಯದಲ್ಲಿ ಬಾಚಲೆ ಎಂಬ ರಾಜಕುಮಾರಿ ಇದ್ದಳು. ಊರ ಮಕ್ಕಳಿಗೆಲ್ಲ ಅವಳೇ ಲೆಕ್ಕದ ಅಕ್ಕೋರು. ಭಿನ್ನರಾಶಿಯ ಭಾಗಾಕಾರ ಬಂತೆಂದರೆ ಮಕ್ಕಳು ಊರಿನ ಹಳೇ ಹಾಡು ಹಾಡುತ್ತಿದ್ದರು: 'ಎರಡನೆಯದನ್ನು ತಲೆಕೆಳಗು ಮಾಡು, ಗುಣಿಸು.' ಉತ್ತರವೇನೋ ಸರಿ ಬರುತ್ತಿತ್ತು. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ.

ಈ ಗಿಣಿಪಾಠಕ್ಕೇ ಕಾದಿದ್ದವನು ಉರಿಮೀಸೆ ಮಾಂತ್ರಿಕ. ಒಂದು ಬೆಳಗ್ಗೆ ಹಾಡುತ್ತಿದ್ದ ಮಕ್ಕಳ ಮೇಲೆ ಬೂದಿ ಎರಚಿದ. ಅಷ್ಟೂ ಮಕ್ಕಳು ಗಿಣಿಗಳಾದರು. ಅವರನ್ನು ಗುಹೆಗೆ ಹೊತ್ತೊಯ್ದ.

ಬಾಚಲೆ ಅಳುತ್ತ ಕೂರುವವಳಲ್ಲ, ಬೆನ್ನಟ್ಟಿ ಬಂದಳು. ಮಾಂತ್ರಿಕ ಮೂರು ಪರೀಕ್ಷೆ ಇಟ್ಟ. ಉತ್ತರವನ್ನು ಗಿಣಿಗಳೇ ಹೇಳಬೇಕು, ಅವಳು ಹೇಳಿಕೊಡುವಂತಿಲ್ಲ. ಒಂದು ತಪ್ಪಿದರೂ ಅವರು ಎಂದೆಂದಿಗೂ ಗಿಣಿಗಳೇ.

ಮೊದಲು ಮೂರು ಸೇರು ಹಾಲಿಟ್ಟು, ಅದನ್ನು ಅರ್ಧದಿಂದ ಭಾಗಿಸಿ ಎಂದ. ಗಿಣಿಗಳು ಹಾಡು ಶುರುಮಾಡಿದವು. ಹಾಡಿದಷ್ಟೂ ರೆಕ್ಕೆ ಹಸಿರೇರಿತು. ಬಾಚಲೆ ಹಾಡು ನಿಲ್ಲಿಸಿ, ಅರ್ಧ ಸೇರಿನ ಬಟ್ಟಲು ಎಷ್ಟು ಸಲ ತುಂಬುತ್ತದೆ, ನೋಡಿ ಎಂದು ಹಾಲು ಸುರಿದಳು. ಸುರಿದಂತೆಲ್ಲ ಹಂಸಗಳು ಬಂದು ಕುಡಿದವು. ಗಿಣಿಗಳು ಎಣಿಸಿ ಆರು ಎಂದವು. ಅವಕ್ಕೆ ಮಕ್ಕಳ ಕಾಲು ಬಂದವು.

ಎರಡನೆಯದು ಅರ್ಧ ರೊಟ್ಟಿ. ತಲಾ ಕಾಲು ರೊಟ್ಟಿ ತಿನ್ನುವ ಎಷ್ಟು ಹಾವುಗಳಿಗೆ ಇದು ಸಾಕು? ಗಿಣಿಗಳು ಕೊಕ್ಕಿನಿಂದ ಮುರಿದು ನೋಡಿ ಎರಡು ಎಂದವು. ಕೈ ಬಂದವು.

ಮೂರನೆಯದು ಒಂದು ಸೇರು ಎಣ್ಣೆ. ದೀಪವೊಂದಕ್ಕೆ ಮುಕ್ಕಾಲು ಸೇರು ಬೇಕು. ಎಷ್ಟು ದೀಪ? ಎಲ್ಲರಿಗಿಂತ ಪುಟ್ಟವಳಾದ ಚೆಲುವಿ ಒಂದು ದೀಪ ತುಂಬಿದಳು. ಕಾಲು ಸೇರು ಮಿಕ್ಕಿತು. 'ಒಂದೂಕಾಲು' ಕೊಕ್ಕಿನ ತುದಿಗೇ ಬಂದಿತ್ತು. ಮಾಂತ್ರಿಕ ಮೀಸೆ ತಿರುವಿದ. ಬಾಚಲೆ ಪಕ್ಕಕ್ಕೆ ಬಂದು ಕೇಳಿದಳು.

"ಚೆಲುವಿ, ನಾವು ಎಣಿಸ್ತಿರೋದು ಸೇರನ್ನೋ, ದೀಪಾನೋ?"

ಚೆಲುವಿ ಕೊಕ್ಕಿಗೆ ಬಂದಿದ್ದ ಉತ್ತರವನ್ನು ನುಂಗಿಕೊಂಡಳು. ಮಿಕ್ಕ ಎಣ್ಣೆಯನ್ನು ಇನ್ನೊಂದು ದೀಪಕ್ಕೆ ಸುರಿದು, ಬಗ್ಗಿ ನೋಡಿದಳು.

"ದೀಪಾನ, ಅಕ್ಕೋರೆ. ಇಷ್ಟಿಷ್ಟೇ ಮೂರು ಸಲ ಹಾಕಿದ್ರೆ ಇದು ತುಂಬುತ್ತೆ. ಹಂಗಾದ್ರೆ ಒಂದು ದೀಪ, ಇನ್ನೊಂದರಲ್ಲಿ ಮೂರನೇ ಒಂದು ಪಾಲು."

ಎರಡೂ ದೀಪ ತಾವಾಗಿ ಹೊತ್ತಿಕೊಂಡವು. ಆ ಬೆಳಕಿಗೆ ಮಾಂತ್ರಿಕ ತಾನೆರಚಿದ ಬೂದಿಯೇ ಆದ. ಮಕ್ಕಳಿಗೆ ಮುಖ ಮರಳಿತು, ಬಾಚಲೆ ಒಬ್ಬೊಬ್ಬರನ್ನೂ ತಬ್ಬಿಕೊಂಡು ಮನೆಗೆ ಕರೆತಂದಳು.

ಹೊಂಬೆಟ್ಟ ಮುಂದೆ ಸುಖವಾಗಿತ್ತು. ಹಾಡು ಈಗಲೂ ಇದೆ, ಆದರೆ ಸುರಿದು ತೋರಿಸಿದ ಮೇಲೆಯೇ ಹಾಡಬೇಕು. ಯಾಕೆಂದು ತಿಳಿಯದೆ ಯಾರಾದರೂ ಹಾಡಿದರೆ, ಪಕ್ಕದವರು ಮೆಲ್ಲಗೆ ಅವರ ಬೆನ್ನು ತಡವಿ, ಗರಿ ಮೊಳೆತಿದೆಯೇ ಎಂದು ನೋಡುತ್ತಾರೆ.