ಬೊಮ್ಮಿಯ ಭರಣಿಗೆ ಮೂವರು ಸಾಕ್ಷಿ

ಬಲು ಹಿಂದೆ, ಪ್ರಾಣಿಗಳಿಗೆ ಮಾತು ಬರುತ್ತಿದ್ದ ಕಾಲದಲ್ಲಿ, ನೇರಳೆನಾಡು ಎಂಬ ರಾಜ್ಯವಿತ್ತು. ದುಗ್ಗರಸನೆಂಬ ದೊರೆ ಅದನ್ನು ಆಳುತ್ತಿದ್ದ. ವರ್ಷಕ್ಕೊಮ್ಮೆ ಬೆಟ್ಟದ ಮರಗಳೆಲ್ಲ ಹಣ್ಣಾದಾಗ ಇಡೀ ನಾಡಿನ ನಾಲಗೆ ನೀಲಿಯಾಗುತ್ತಿತ್ತು. ತಿನ್ನಲು ಉಣ್ಣಲು ಏನೂ ಕಡಿಮೆ ಇರಲಿಲ್ಲ. ಆದರೂ ಆ ನಾಡಿನಲ್ಲಿ ಯಾರೂ ಯಾರನ್ನೂ ನಂಬುತ್ತಿರಲಿಲ್ಲ.

ಅದಕ್ಕೆ ಕಾರಣ ಉಸಿರುಗಳ್ಳನೆಂಬ ಮಾಯಾವಿ. ಅವನು ಯಾರ ರೂಪ ಬೇಕಾದರೂ ತಾಳುತ್ತಿದ್ದ. ತನ್ನನ್ನು ನಂಬಿದವರ ಉಸಿರನ್ನು ಹೀರಿ, ಸೊಂಟಕ್ಕೆ ಕಟ್ಟಿಕೊಂಡ ಹಸಿರು ಕುಪ್ಪಿಯಲ್ಲಿ ತುಂಬಿಡುತ್ತಿದ್ದ. ನಂಬದವರನ್ನು ಅವನು ಏನೂ ಮಾಡಲಾರ. ಉಸಿರು ಹೋದವರು ಸಾಯುತ್ತಲೂ ಇರಲಿಲ್ಲ, ಏಳುತ್ತಲೂ ಇರಲಿಲ್ಲ, ಸುಮ್ಮನೆ ಮಲಗಿರುತ್ತಿದ್ದರು. ಹಾಗಾಗಿ ಗಂಡ ಹೊಲದಿಂದ ಬಂದರೆ ಹೆಂಡತಿ ಬಾಗಿಲ ಸಂದಿಯಿಂದಲೇ, "ನಿನ್ನೆ ಸಾರಿಗೆ ಏನು ಕಡಿಮೆ ಅಂದೆ?" ಎಂದು ಕೇಳುತ್ತಿದ್ದಳು. "ಉಪ್ಪು" ಎಂದು ಸರಿಯಾಗಿ ಹೇಳಿದವನನ್ನು ಒಳಗೆ ಬಿಟ್ಟುಕೊಂಡು, ಆಮೇಲೆ ಅದೇ ಮಾತಿಗೆ ಜಗಳ ತೆಗೆಯುತ್ತಿದ್ದಳು. ಬದುಕು ಹಾಗಿತ್ತು.

ನಾಡಿನ ಅಂಚಿನಲ್ಲಿ ದ್ಯಾವಕ್ಕ ಎಂಬಾಕೆ ಮನೆಯಲ್ಲೇ ನೇರಳೆಹಣ್ಣಿನ ಆಸವ ಮಾಡುತ್ತಿದ್ದಳು. ದೊರೆ ಹಬ್ಬಕ್ಕೆ ಕುಡಿಯುತ್ತಿದ್ದದ್ದು ಅದನ್ನೇ. ಬೇರೆಯವರು ಮಾಡಿದ ಆಸವದ ಶೀಸೆಗಳು ಅಟ್ಟದ ಮೇಲೆ ಢಮಾರೆಂದು ಒಡೆಯುತ್ತಿದ್ದವು, ದ್ಯಾವಕ್ಕನದು ಒಂದೂ ಒಡೆದದ್ದಿಲ್ಲ. ಗುಟ್ಟೇನೂ ದೊಡ್ಡದಲ್ಲ. ಶೀಸೆಗೆ ತುಂಬುವ ದಿನ ಬಂತೆಂದು ಎಲ್ಲರೂ ಅಂದಾಗ ಆಕೆ ಒಂದು ತೊಟ್ಟು ನೆಕ್ಕಿ, "ಇನ್ನೊಂದು ದಿನ ಇರಲಿ" ಎನ್ನುತ್ತಿದ್ದಳು. ಅರಮನೆಯ ಗಾಡಿ ಬಾಗಿಲಲ್ಲಿ ಕಾದಿದ್ದರೂ ಅದೇ ಮಾತು.

ಮಗಳು ಬೊಮ್ಮಿಗೆ ಇದನ್ನು ಕೇಳಿ ಕೇಳಿ ಸಾಕಾಗಿತ್ತು. "ನನ್ನನ್ನ ಗಂಡನ ಮನೆಗೆ ಕಳಿಸೋ ದಿನಾನೂ ಇನ್ನೊಂದು ದಿನ ಇರಲಿ ಅಂತೀಯ ನೀನು" ಎಂದು ಅವ್ವನನ್ನು ರೇಗಿಸುತ್ತಿದ್ದಳು.

ಒಂದು ಬೆಳಿಗ್ಗೆ ಬೊಮ್ಮಿ ಹಣ್ಣು ತರಲು ಬೆಟ್ಟಕ್ಕೆ ಹೋದಳು. ಅವಳು ಹೋದ ಸ್ವಲ್ಪ ಹೊತ್ತಿಗೆ ಬೊಮ್ಮಿಯೇ ತಿರುಗಿ ಬಂದು, "ಅವ್ವಾ, ಕಾಲು ಉಳುಕಿತು ಕಣವ್ವ" ಎಂದು ಅತ್ತಳು. ಅತ್ತ ಮಗಳನ್ನು ಬಾಗಿಲಲ್ಲಿ ನಿಲ್ಲಿಸಿ ಪ್ರಶ್ನೆ ಕೇಳುವ ತಾಯಿ ಎಲ್ಲಿದ್ದಾಳೆ? ದ್ಯಾವಕ್ಕ ಓಡಿಹೋಗಿ ಅಪ್ಪಿಕೊಂಡಳು. ನಿಜವಾದ ಬೊಮ್ಮಿ ಬುಟ್ಟಿ ಹೊತ್ತು ಬಂದಾಗ ಅವ್ವ ಅಂಗಳದಲ್ಲಿ ಬಿದ್ದಿದ್ದಳು. ಮೂಗಿನ ಹತ್ತಿರ ಬೆರಳಿಟ್ಟರೆ ಗಾಳಿಯೇ ಇಲ್ಲ.

ಬೊಮ್ಮಿ ಅವ್ವನನ್ನು ಹಗ್ಗದ ಮಂಚದ ಮೇಲೆ ಮಲಗಿಸಿ, ಹಿತ್ತಲ ಬಾವಿಕಟ್ಟೆಯ ಮೇಲೆ ಕುಳಿತು ಅತ್ತಳು. ಬಾವಿಯೊಳಗೆ ಮುನ್ನೂರು ವರ್ಷದ ಆಮೆಯೊಂದಿತ್ತು. ಅದು ತಲೆ ಹೊರಗೆ ಹಾಕಿ ಕೇಳಿತು.

"ಯಾಕವ್ವ ಅಳ್ತೀಯಾ?"

"ಮೊದಲು ನೀನು ಆಮೆ ಹೌದೋ ಅಲ್ವೋ ಹೇಳು" ಎಂದಳು ಬೊಮ್ಮಿ.

"ಭೇಷ್! ಹಾಗೇ ಇರು. ನನ್ನನ್ನೂ ನಂಬಬೇಡ. ನಂಬದೆಯೇ ಕೇಳಿಸಿಕೋ. ನಿನ್ನ ಭರಣಿಯಲ್ಲಿ ಹಣ್ಣು ಹುದುಗು ಬಂದಾಗ ಉಸಿರು ಬಿಡುತ್ತಲ್ಲ, ಅದೆಲ್ಲ ಬಿಟ್ಟು ಮುಗಿಯುವ ತನಕ ಕಾಯಬೇಕು. ತನ್ನ ಉಸಿರನ್ನೆಲ್ಲ ಬಿಟ್ಟುಕೊಟ್ಟ ಆಸವವನ್ನು ಶೀಸೆಗೆ ತುಂಬಿ, ಒಂದು ಚಮಚ ನಿಮ್ಮವ್ವನ ತುಟಿಗೆ ಹಾಕಿದರೆ, ಅದು ಅವಳ ಉಸಿರನ್ನು ಎಲ್ಲಿದ್ದರೂ ಎಳೆದು ತರುತ್ತೆ. ಒಂದೇ ಒಂದು ದಿನ ಮುಂಚೆ ತುಂಬಿದೆಯೋ, ಅವ್ವನನ್ನು ಮರೆತುಬಿಡು."

"ಯಾವ ದಿನ ಅಂತ ನನಗೆ ಹೇಗೆ ಗೊತ್ತಾಗಬೇಕು? ಅದನ್ನ ಹೇಳ್ತಿದ್ದವಳು ಅವ್ವ."

"ನಿಮ್ಮ ಮನೆಗೆ ಮೂವರು ಸಾಕ್ಷಿ ಇದ್ದಾರಲ್ಲ, ಅವರನ್ನು ಕೇಳು. ಇನ್ನೊಂದು ಮಾತು. ನೀನು ತಪ್ಪಲಿ ಅಂತ ಆ ಕಳ್ಳ ಬಂದೇ ಬರ್ತಾನೆ" ಎಂದು ಹೇಳಿ ಆಮೆ ಮುಳುಗಿತು.

ಬೊಮ್ಮಿ ಹಣ್ಣನ್ನು ಕಿವುಚಿ, ಬೀಜ ತೆಗೆದು, ಬೆಲ್ಲ ನೀರು ಸೇರಿಸಿ ಭರಣಿಗೆ ಹಾಕಿದಳು. ಬಾಯಿಗೆ ತೆಳುವಾದ ಬಟ್ಟೆ ಕಟ್ಟಿದಳು. ಎರಡನೆಯ ದಿನಕ್ಕೆ ಭರಣಿ ಗುಳುಗುಳು ಮಾತಾಡತೊಡಗಿತು. ವಾರ ಕಳೆದ ಮೇಲೆ ಸೋಸಿ, ಸಿಪ್ಪೆ ಬಿಸಾಡಿ, ರಸವನ್ನು ಬೇರೆ ಭರಣಿಗೆ ಬಗ್ಗಿಸಿದಳು. ಆಮೇಲೆ ಉಳಿದದ್ದು ಕಾಯುವ ಕೆಲಸ.

ಮೂವರು ಸಾಕ್ಷಿಗಳು ಇವರು. ಮೊದಲನೆಯದು ಕಣ್ಣು: ಗಾಜಿನ ಬಟ್ಟಲಿಗೆ ಬಗ್ಗಿಸಿ ಹಿಡಿದರೆ ಅದರೊಳಗಿಂದ ಕಿಟಕಿಯ ಸರಳು ಕಾಣಬೇಕು. ಎರಡನೆಯದು ಕಿವಿ: ಭರಣಿಗೆ ಕಿವಿಗೊಟ್ಟರೆ ಸದ್ದಿರಬಾರದು. ಮೂರನೆಯವಳು ಇರುವೆ: ಒಂದು ಹನಿಯನ್ನು ಬಾಳೆಲೆಯ ಮೇಲೆ ಬಿಟ್ಟರೆ ಇರುವೆ ಮೂಸಿ ನೋಡಿ ವಾಪಸು ಹೋಗಬೇಕು. ಇರುವೆ ಮುತ್ತಿದರೆ ಸಿಹಿ ಇನ್ನೂ ಉಳಿದಿದೆ ಎಂದರ್ಥ. ಸಿಹಿ ಉಳಿದಿದ್ದರೆ ಉಸಿರೂ ಉಳಿದಿರುತ್ತದೆ. ಮೂವರೂ ಒಪ್ಪಿದ ದಿನ ಶೀಸೆಗೆ ತುಂಬಬೇಕು.

ಹತ್ತನೆಯ ದಿನ ಒಬ್ಬ ಬಳೆಗಾರ್ತಿ ಬಂದಳು. ಮಲಾರದ ತುಂಬ ಗಾಜಿನ ಬಳೆ, ಬಾಯಿತುಂಬ ಮಾತು. "ಅಯ್ಯೋ ಮಗಾ, ಅವ್ವ ಹೀಗೆ ಮಲಗಿರುವಾಗ ತಡ ಮಾಡ್ತಾರಾ? ನಿನ್ನ ರಸ ತಿಳಿಯಾಗಿದೆ ನೋಡು, ಇವತ್ತೇ ತುಂಬು" ಎಂದು ಭರಣಿಯ ಮೇಲೆ ಕೈಯಾಡಿಸಿದಳು. ಬೊಮ್ಮಿ ಬಟ್ಟಲಿಗೆ ಬಗ್ಗಿಸಿ ನೋಡಿದರೆ, ಬೆಳಿಗ್ಗೆ ರಾಡಿಯಾಗಿದ್ದ ರಸದಲ್ಲಿ ಈಗ ಕಿಟಕಿಯ ಸರಳು ಎಣಿಸಬಹುದಿತ್ತು! ಆದರೆ ಬಳೆಗಾರ್ತಿ ಅಷ್ಟೆಲ್ಲ ಕೈಯಾಡಿಸಿದರೂ ಒಂದು ಬಳೆಯೂ ಸದ್ದು ಮಾಡಿರಲಿಲ್ಲ. ಬೊಮ್ಮಿ ಭರಣಿಗೆ ಕಿವಿಗೊಟ್ಟಳು. ಗುಳುಗುಳು, ಗುಳುಗುಳು.

"ಕಣ್ಣು ಒಪ್ಪಿದೆ, ಕಿವಿ ಒಪ್ಪಿಲ್ಲ. ಇನ್ನೊಂದು ದಿನ ಇರಲಿ" ಎಂದಳು. ಬಳೆಗಾರ್ತಿ ಹಲ್ಲು ಕಡಿದು ಹೊರಟುಹೋದಳು.

ಇಪ್ಪತ್ತನೆಯ ದಿನ ಅರಮನೆಯ ಕಾರಭಾರಿ ಕುದುರೆಯೇರಿ ಬಂದ. ಕೈಯಲ್ಲಿ ಮುದ್ರೆಯೊತ್ತಿದ ಓಲೆ, ಸೊಂಟದಲ್ಲಿ ಕತ್ತಿ. "ದೊರೆಗಳ ಅಪ್ಪಣೆಯಾಗಿದೆ. ಇವತ್ತೇ ತುಂಬು. ಇಲ್ಲದಿದ್ದರೆ ನಿನ್ನ ತಲೆ ಉಳಿಯಲ್ಲ" ಎಂದು ಅಬ್ಬರಿಸಿ, ಭರಣಿಯ ಮೇಲೆ ಬಾಗಿ ಉಫ್ ಎಂದು ಊದಿದ. ಭರಣಿ ಮಂಜಿನಂತೆ ತಣ್ಣಗಾಯಿತು. ಗುಳುಗುಳು ಸದ್ದು ಥಟ್ಟನೆ ನಿಂತಿತು. ಕಣ್ಣು ಒಪ್ಪಿತು, ಕಿವಿಯೂ ಒಪ್ಪಿತು. ಆದರೆ ಹಸಿ ಅಂಗಳದಲ್ಲಿ ಕುದುರೆಯ ಗೊರಸಿನ ಗುರುತು ಒಂದೂ ಇರಲಿಲ್ಲ. ಅವಳು ಬಾಳೆಲೆಯ ಮೇಲೆ ಒಂದು ಹನಿ ಬಿಟ್ಟಳು. ಗೋಡೆಯ ಸಂದಿಯಿಂದ ಇರುವೆಸಾಲು ಮದುವೆಯೂಟಕ್ಕೆ ಬಂದಂತೆ ಬಂದು ಮುತ್ತಿತು.

"ಇರುವೆ ಒಪ್ಪಿಲ್ಲ ಸ್ವಾಮಿ. ಇನ್ನೊಂದು ದಿನ ಇರಲಿ. ತಲೆ ಬೇಕಾದರೆ ತಗೊಂಡು ಹೋಗಿ."

ನಂಬದವಳ ತಲೆಯನ್ನು ಅವನು ಮುಟ್ಟುವುದಾದರೂ ಹೇಗೆ? ಬೈಯುತ್ತ ಹೊರಟುಹೋದ.

ಅಂದಿನಿಂದ ಬೊಮ್ಮಿಯ ಅನುಮಾನ ಅತಿಯಾಯಿತು. ಕೋಳಿ ಕೂಗಿದರೂ ಅನುಮಾನ, ಕೂಗದಿದ್ದರೂ ಅನುಮಾನ. ಪಕ್ಕದ ಮನೆಯ ಚೌಡತ್ತೆ ಪಾಪ, ಬಿಸಿ ಮುದ್ದೆ ಸಾರು ತಂದರೆ, ಅವಳನ್ನು ಮಳೆಯಲ್ಲಿ ನಿಲ್ಲಿಸಿ ಅವಳ ಮೊಮ್ಮಗಳ ಬಾಯಲ್ಲಿ ಎಷ್ಟು ಹಲ್ಲಿವೆ ಎಂದು ಕೇಳಿದಳು. "ನಾಲ್ಕು ಕಣೇ, ಐದನೇದು ಹುಟ್ತಾ ಇದೆ. ಇನ್ನು ನಿನ್ನ ಹೊಸ್ತಿಲು ತುಳಿದರೆ ಕೇಳು" ಎಂದು ಚೌಡತ್ತೆ ಮುದ್ದೆಯನ್ನು ಜಗಲಿಯ ಮೇಲೆ ಕುಕ್ಕಿ ಹೋದಳು. ಬೊಮ್ಮಿ ಅದನ್ನು ತಣ್ಣಗಾದ ಮೇಲೆ ಒಬ್ಬಳೇ ತಿಂದಳು. ಅವ್ವ ಇದ್ದಿದ್ದರೆ ನಗುತ್ತಿದ್ದಳು ಎನಿಸಿತು.

ಮೂವತ್ತೆಂಟನೆಯ ದಿನ ಬೆಳಿಗ್ಗೆ ಮಳೆ ಬಿಟ್ಟು ಒಳ್ಳೆಯ ಬಿಸಿಲು ಬಂದಿತ್ತು. ಬೊಮ್ಮಿ ಭರಣಿಯ ಮುಂದೆ ಕುಳಿತಿದ್ದಳು. ಹಿಂದಿನಿಂದ ಯಾರೋ, "ಮಗಳೇ" ಎಂದರು.

ತಿರುಗಿ ನೋಡಿದರೆ ಅವ್ವ! ಅದೇ ಸೀರೆ, ಅದೇ ಹಣೆಯ ಹಚ್ಚೆ, ಬೆರಳಲ್ಲಿ ಅದೇ ನೇರಳೆಯ ಕಲೆ. ಒಳಕೋಣೆಯಲ್ಲಿ ಮಂಚ ಬರಿದಾಗಿ ಕಾಣುತ್ತಿತ್ತು.

"ಬಾ ಮಗಳೇ, ಎದ್ದುಬಿಟ್ಟೆ ನೋಡು. ಎಷ್ಟು ಸೊರಗಿದ್ದೀಯಾ! ಬಾ ಹತ್ತಿರ" ಎಂದು ಅವ್ವ ಕೈ ಚಾಚಿದಳು.

ಬೊಮ್ಮಿಗೆ ಓಡಿಹೋಗಿ ಆ ಮಡಿಲಲ್ಲಿ ಮುಖ ಹುದುಗಿಸಬೇಕೆನಿಸಿತು. ಎರಡು ಹೆಜ್ಜೆ ಇಟ್ಟೂಬಿಟ್ಟಳು. ಆಗ ಎದೆಯಲ್ಲಿ ಏನೋ ಹಿಡಿದು ಎಳೆದಂತಾಗಿ ಉಸಿರು ಸಿಕ್ಕಿಕೊಂಡಿತು. ಅವಳು ಅಲ್ಲೇ ನಿಂತಳು.

"ಮೊದಲು ರಸ ನೋಡವ್ವ" ಎಂದಳು.

"ಅದಕ್ಕೇನು ನೋಡೋದು? ಮೂವರು ಸಾಕ್ಷಿನೂ ಒಪ್ಪಿದ್ದಾರೆ. ಇವತ್ತೇ ತುಂಬು ಮಗಳೇ."

ಬೊಮ್ಮಿ ಬಟ್ಟಲು ಹಿಡಿದಳು, ಸರಳು ಕಂಡಿತು. ಭರಣಿಗೆ ಕಿವಿಗೊಟ್ಟಳು, ಸದ್ದಿರಲಿಲ್ಲ. ಬಾಳೆಲೆಯ ಮೇಲೆ ಹನಿ ಬಿಟ್ಟಳು, ಒಂದು ಇರುವೆಯೂ ಬರಲಿಲ್ಲ. ಮೂವರೂ ಒಪ್ಪಿದ್ದರು! ಎದುರಿಗೆ ನಿಂತಿದ್ದವಳು ಅವ್ವನೇ ಆಗಿರಬಾರದೇಕೆ?

ಆದರೆ ಅವ್ವ 'ಇವತ್ತೇ ತುಂಬು' ಎಂದದ್ದನ್ನು ಬೊಮ್ಮಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅನುಮಾನ ಇಲಿಯಂತೆ ಒಳಗೆ ಕೆರೆಯಿತು. ಅವಳು ಸುಮ್ಮನೆ ಡಬ್ಬಿಯಿಂದ ಒಂದು ಉಂಡೆ ಬೆಲ್ಲ ತೆಗೆದು ಇರುವೆಗೂಡಿನ ಬಾಯಲ್ಲೇ ಇಟ್ಟಳು. ಬೆಲ್ಲಕ್ಕೂ ಇರುವೆ ಬರಲಿಲ್ಲ. ಬೆಲ್ಲ ಬೇಡವೆನ್ನುವ ಇರುವೆ ಯಾವ ಲೋಕದ್ದು? ಸಾಕ್ಷಿಯ ಬಾಯನ್ನೇ ಯಾರೋ ಕಟ್ಟಿದ್ದರು. ಓರೆಗಣ್ಣಿನಿಂದ ಒಳಕೋಣೆ ನೋಡಿದಳು. ಮಂಚದ ಮೇಲೆ ಯಾರೂ ಕಾಣುತ್ತಿರಲಿಲ್ಲ ನಿಜ, ಆದರೆ ಮಂಚದ ಹಗ್ಗ ಮಾತ್ರ ಆಳು ಮಲಗಿದ ಹಾಗೆ ಕೆಳಕ್ಕೆ ಜೋತಿತ್ತು. ಅವ್ವ ಅಲ್ಲೇ ಇದ್ದಾಳೆ. ಇದು ಅವನು.

ಬೊಮ್ಮಿಗೆ ಅಳು ಬಂತು, ಆಮೇಲೆ ಎಂದೂ ಬಾರದಂಥ ಸಿಟ್ಟು ಬಂತು. ಎರಡನ್ನೂ ನುಂಗಿಕೊಂಡು ನಕ್ಕಳು.

"ಆಯ್ತವ್ವ, ಇವತ್ತೇ ತುಂಬ್ತೀನಿ."

ಭರಣಿಯಿಂದ ಒಂದೇ ಒಂದು ಶೀಸೆಗೆ ರಸ ತುಂಬಿದಳು. ಇರುವೆ ಮುಟ್ಟದ ಆ ಬೆಲ್ಲದುಂಡೆಯನ್ನು ಪುಡಿ ಮಾಡಿ ಅದರೊಳಗೇ ಹಾಕಿದಳು. ಬಿರಡೆ ಬಿಗಿದು, ಅರಗು ಸುರಿದು, ಮೇಲೆ ಹುರಿಯಿಂದ ಏಳು ಸುತ್ತು ಕಟ್ಟಿದಳು.

"ಅವ್ವಾ, ಹೊಸ ಶೀಸೆಯನ್ನ ಮನೆಯ ಹಿರಿಯಳು ಸೊಂಟಕ್ಕೆ ಅವಚಿಕೊಂಡು ಮಧ್ಯಾಹ್ನದ ತನಕ ಜಗಲಿ ಬಿಸಿಲಲ್ಲಿ ಕೂರೋದು ನಮ್ಮ ಪದ್ಧತಿ ಅಲ್ವಾ? ಮರೆತುಬಿಟ್ಟೆಯಾ?"

ಅಂಥ ಪದ್ಧತಿ ಆ ಮನೆಯಲ್ಲಿ ಎಂದೂ ಇರಲಿಲ್ಲ. ಆದರೆ ಜೀವಮಾನವಿಡೀ ಉಸಿರು ಕದ್ದವನು ಒಂದು ದಿನವಾದರೂ ಭರಣಿಯ ಮುಂದೆ ಕುಳಿತು ಆಸವ ಮಾಡಿದ್ದನೇ? ಗೊತ್ತಿಲ್ಲ ಎಂದರೆ ಸಿಕ್ಕಿಬೀಳುತ್ತಾನೆ. "ಮರೆಯೋದುಂಟಾ ಮಗಳೇ!" ಎಂದು ಶೀಸೆಯನ್ನು ಸೊಂಟಕ್ಕೆ, ಆ ಹಸಿರು ಕುಪ್ಪಿಯ ಪಕ್ಕದಲ್ಲೇ, ಒತ್ತಿಕೊಂಡು ಜಗಲಿಯ ಮೇಲೆ ಕುಳಿತ.

ಬಿಸಿಲು ಏರಿತು. ಈ ಸಲವೂ ಅವನು ಗುಟ್ಟಾಗಿ ಊದಿದ್ದ ತಣುಪು ಇಳಿಯಿತು. ಮಲಗಿದ್ದ ರಸ ಎದ್ದು ಬೆಲ್ಲವನ್ನು ತಿನ್ನತೊಡಗಿತು.

"ಇದೇನು, ಶೀಸೆ ಗುಂಯ್‌ಗುಡುತ್ತೆ?"

"ಅದು ಹಾಗೇ ಅವ್ವಾ, ಹದ ಬಂದಾಗ ಹಾಡುತ್ತೆ. ಇನ್ನೂ ಗಟ್ಟಿ ಅವಚಿಕೋ" ಎಂದು ಬೊಮ್ಮಿ ಒಳಗೆ ಓಡಿ ಕಂಬದ ಹಿಂದೆ ನಿಂತಳು.

ನೆತ್ತಿಯ ಮೇಲೆ ಸೂರ್ಯ ಬಂದಾಗ ಶೀಸೆ ಢಮಾರೆಂದಿತು! ಅದರ ಜೊತೆಗೆ ಹಸಿರು ಕುಪ್ಪಿಯೂ ನೂರು ಚೂರಾಯಿತು. ಕದ್ದಿಟ್ಟ ಉಸಿರುಗಳೆಲ್ಲ ಸುಂಯ್ಯನೆ ಹೊರಬಂದು, ಸಂಜೆಯ ದನಗಳಂತೆ ತಮ್ಮ ತಮ್ಮ ಮನೆಯ ದಾರಿ ಹಿಡಿದವು. ಉಸಿರುಗಳ್ಳನಿಗೆ ತನ್ನದೆಂಬ ಉಸಿರು ಒಂದೂ ಇರಲಿಲ್ಲ. ಅವನು ಖಾಲಿ ಗೋಣಿಚೀಲದಂತೆ ಕುಸಿದು, ಗಾಳಿಗೆ ಪುಡಿಯಾಗಿ ಹಾರಿಹೋದ.

ಒಳಕೋಣೆಯಲ್ಲಿ ಮಂಚ ಕಿರುಗುಟ್ಟಿತು. ದ್ಯಾವಕ್ಕ ಎದ್ದು ಕುಳಿತು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಬೊಮ್ಮಿ ಹೊಸ್ತಿಲಲ್ಲೇ ನಿಂತಳು. ಮೂವತ್ತೆಂಟು ದಿನ ಯಾರನ್ನೂ ನಂಬದ ಹುಡುಗಿಗೆ ಈಗ ಕಾಲು ಮುಂದೆ ಬರಲಿಲ್ಲ. ಮತ್ತೆ ಅವನೇ ಆಗಿದ್ದರೆ?

"ಏನೇ ಅದು ಸದ್ದು? ಹಸಿ ರಸ ತುಂಬಿದೆಯಾ?" ಎಂದು ಅವ್ವ ಗದರುತ್ತ ಎದ್ದು ಬಂದಳು. ಮಗಳ ಮುಖವನ್ನೂ ನೋಡದೆ ನೇರ ಭರಣಿಯ ಹತ್ತಿರ ಹೋದಳು. ಸೌಟಿನಿಂದ ಒಂದು ತೊಟ್ಟು ನೆಕ್ಕಿ, ಕಣ್ಣು ಮುಚ್ಚಿ, ಬಾಯಿ ಚಪ್ಪರಿಸಿದಳು.

"ಇನ್ನೊಂದು ದಿನ ಇರಲಿ" ಎಂದಳು.

ಬೊಮ್ಮಿ ಓಡಿಹೋಗಿ ಅವಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಗೋಡೆಯ ಸಂದಿಯಿಂದ ಇರುವೆಸಾಲು ಹೊರಟು, ಜಗಲಿಯ ಮೇಲೆ ಚೆಲ್ಲಿದ್ದ ರಸದ ಕಡೆಗೆ ನಡೆಯುತ್ತಿತ್ತು.

ಆಮೇಲೆ ಅವ್ವ ಇನ್ನೂ ನಾಲ್ಕು ಸಲ ಅದೇ ಮಾತು ಹೇಳಿ, ಐದನೆಯ ದಿನ ಶೀಸೆಗೆ ತುಂಬಿಸಿದಳು. ಒಂದೂ ಒಡೆಯಲಿಲ್ಲ. ಮೊದಲ ಬಟ್ಟಲು ದೊರೆಗೆ ಹೋಗಲಿಲ್ಲ, ಮಳೆಯಲ್ಲಿ ನೆನೆದ ಚೌಡತ್ತೆಗೆ ಹೋಯಿತು. ಅವಳ ಮೊಮ್ಮಗಳಿಗೆ ಅಷ್ಟರಲ್ಲಿ ಐದನೆಯ ಹಲ್ಲು ಬಂದಿತ್ತು. ನೇರಳೆನಾಡಿನಲ್ಲಿ ಗಂಡಂದಿರು ಪ್ರಶ್ನೆಯಿಲ್ಲದೆ ಮನೆಯೊಳಗೆ ಹೋಗತೊಡಗಿದರು, ಸಾರಿನ ಜಗಳ ಮಾತ್ರ ನಿಲ್ಲಲಿಲ್ಲ. ಮರುವರ್ಷ ಬೊಮ್ಮಿಯ ಮದುವೆಯಾಗಿ ಗಾಡಿ ಬಾಗಿಲಿಗೆ ಬಂದಾಗ ದ್ಯಾವಕ್ಕ ಎತ್ತಿನ ಹಗ್ಗ ಹಿಡಿದು ನಿಂತು ಏನು ಹೇಳಿದಳೆಂದು ಬೇರೆ ಹೇಳಬೇಕೆ? ಈ ಸಲ ಬೊಮ್ಮಿ ರೇಗಿಸಲಿಲ್ಲ. ಗಾಡಿಯಿಂದ ಇಳಿದು, ಒಂದು ದಿನ ಇದ್ದು ಹೋದಳು.